ಕೇಳಿದ್ದರೆ ಹೇಳುತ್ತಿದ್ದೆ

ಮೂರು ತಿಂಗಳಿಂದ ನನ್ನ ಮೇಜಿನ ಮೇಲೆ ಒಂದು ಕೋರ್ಟ್ ತೀರ್ಪಿನ ಪ್ರಿಂಟ್ ಬಿದ್ದಿದೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರ ಮಾರ್ಚ್ 11ರಂದು ಕೊಟ್ಟ ಮಾಂಟ್ಗೋಮರಿ ಪ್ರಕರಣದ ತೀರ್ಪು. ಕಾನೂನು ಓದುವವರಿಗೂ ವೈದ್ಯರಿಗೂ ಇದು ಪರಿಚಿತ. ಸಾಹಿತ್ಯದ ಪಾಠ ಮಾಡುವ ನನ್ನ ಕೈಗೆ ಇದು ಬಂದದ್ದು ತಂಗಿಯ ಒಂದು ಫೋನಿನಿಂದಾಗಿ. ಅವಳದು ಚೊಚ್ಚಲ ಬಸುರು. ಆರನೇ ತಿಂಗಳಲ್ಲಿ ಶುಗರ್ ಕಾಣಿಸಿಕೊಂಡಿತ್ತು. "ಅಕ್ಕಾ, ನಾರ್ಮಲ್‌ಗೆ ಕಾಯಲಾ, ಇಲ್ಲಾ ಮೊದಲೇ ಡೇಟ್ ತಗೊಂಡು ಸಿಸೇರಿಯನ್ ಮಾಡಿಸ್ಕೊಂಡುಬಿಡಲಾ?" ಎಂದಳು. ಡಾಕ್ಟರನ್ನು ಕೇಳು ಎಂದೆ. "ಕೇಳಿದೆ. ಅದೆಲ್ಲಾ ನೀವ್ಯಾಕೆ ತಲೆಗೆ ಹಚ್ಕೋತೀರಿ, ನಾವಿಲ್ವಾ ಅಂದ್ರು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ನಾಚಿಕೆಯಿತ್ತು. ಕೇಳಬಾರದ್ದನ್ನು ಕೇಳಿ ಸಿಕ್ಕಿಬಿದ್ದವಳ ಹಾಗೆ. ಈ ಮಾತನ್ನು ವಕೀಲೆಯಾಗಿರುವ ಗೆಳತಿಗೆ ಹೇಳಿದಾಗ ಅವಳು ಈ ತೀರ್ಪನ್ನು ಕಳಿಸಿಕೊಟ್ಟಳು. ಅಂದಿನಿಂದ ಅದನ್ನು ನಾನು ಕಥೆ ಓದುವ ಹಾಗೆ ಓದುತ್ತಿದ್ದೇನೆ. ಕಥೆಗೆ ಬೇಕಾದದ್ದೆಲ್ಲ ಅದರಲ್ಲಿದೆ.

ನೇಡಿನ್ ಮಾಂಟ್ಗೋಮರಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಓದಿದವರು, ಔಷಧ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದವರು. ತಾಯಿ ಮತ್ತು ಅಕ್ಕತಂಗಿ ಇಬ್ಬರೂ ವೈದ್ಯರು. ಅವರಿಗೆ ಇನ್ಸುಲಿನ್ ಬೇಕಾದ ಮಧುಮೇಹವಿತ್ತು. ಎತ್ತರ ಐದಡಿಗೆ ತುಸು ಹೆಚ್ಚು. ಮಧುಮೇಹವಿರುವ ತಾಯಂದಿರ ಮಕ್ಕಳು ದೊಡ್ಡದಾಗಿ ಬೆಳೆಯುವುದುಂಟು. ಆ ತೂಕವೂ ಭುಜದ ಕಡೆಗೇ ಹೆಚ್ಚು ಸೇರುತ್ತದೆ. ಹಾಗಾಗಿ ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಭುಜ ತಾಯಿಯ ಮೂಳೆಗೆ ಸಿಕ್ಕಿ ನಿಂತುಬಿಡುವ ಅಪಾಯವಿದೆ. ಇದಕ್ಕೆ ಶೋಲ್ಡರ್ ಡಿಸ್ಟೋಷಿಯಾ ಎನ್ನುತ್ತಾರೆ. ಮಧುಮೇಹಿ ತಾಯಂದಿರಲ್ಲಿ ಇದರ ಸಂಭವ ಶೇ. 9ರಿಂದ 10. ಅಂದರೆ ಹತ್ತು ಜನರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ. ಭುಜ ಸಿಕ್ಕಿಕೊಂಡ ಬಹುಪಾಲು ಮಕ್ಕಳು ಕೊನೆಗೆ ಪೆಟ್ಟಿಲ್ಲದೆ ಹೊರಬರುತ್ತವೆ. ಮಗುವಿಗೆ ಗಂಭೀರ ಹಾನಿಯಾಗುವ ಸಂಭವ ತೀರಾ ಕಡಿಮೆ.

ಮಗು ದೊಡ್ಡದಿದೆ ಎಂದು ನೇಡಿನ್‌ಗೆ ಹೇಳಿದ್ದರು. ಇಷ್ಟು ದೊಡ್ಡ ಮಗುವನ್ನು ತನ್ನಿಂದ ಹೆರಲಾದೀತೇ ಎಂದು ಅವರು ಒಂದಕ್ಕಿಂತ ಹೆಚ್ಚು ಬಾರಿ ಆತಂಕ ತೋಡಿಕೊಂಡಿದ್ದರು. ಇದನ್ನು ಅವರ ವೈದ್ಯೆಯೇ ಒಪ್ಪಿಕೊಂಡಿದ್ದಾರೆ. ಆದರೆ ಭುಜ ಸಿಕ್ಕಿಕೊಳ್ಳಬಹುದು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. 1999ರ ಅಕ್ಟೋಬರ್ 1ರಂದು ಔಷಧ ಕೊಟ್ಟು ಬೇನೆ ಬರಿಸಿದರು. ನಡುವೆ ಹೆರಿಗೆ ನಿಂತಿತು, ಫೋರ್ಸೆಪ್ಸ್ ಹಾಕಿದರು, ತಲೆ ಅರ್ಧ ಹೊರಬಂತು, ಭುಜ ಸಿಕ್ಕಿಕೊಂಡಿತು. ಅಲ್ಲಿಂದ ಮಗು ಹೊರಬರಲು ಹಿಡಿದದ್ದು 12 ನಿಮಿಷ. ಅಷ್ಟರಲ್ಲಿ ಹೊಕ್ಕುಳಬಳ್ಳಿ ಅದುಮಿಹೋಗಿ ಮಗುವಿಗೆ ಆಮ್ಲಜನಕ ಸಿಗಲಿಲ್ಲ. ಸ್ಯಾಮ್ ಎಂಬ ಆ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ತೋಳಿನ ನರಗಳಿಗೂ ಪೆಟ್ಟು. ಸಿಸೇರಿಯನ್ ಆಗಿದ್ದರೆ ಇದಾಗುತ್ತಿರಲಿಲ್ಲ.

ಆ 12 ನಿಮಿಷಗಳನ್ನು ತೀರ್ಪು ಒಂದೆರಡು ಪ್ಯಾರಾಗಳಲ್ಲಿ ಬರೆದಿದೆ. ವಿಶೇಷಣಗಳಿಲ್ಲ. ಏನು ಮಾಡಲು ನೋಡಿದರು, ಯಾವುದು ಫಲಿಸಲಿಲ್ಲ, ಇಷ್ಟೇ. ಇಂಥ ಪರಿಸ್ಥಿತಿಯನ್ನು ಆ ವೈದ್ಯೆ ಅದಕ್ಕೆ ಮೊದಲು ಎದುರಿಸಿರಲಿಲ್ಲ ಎಂಬ ಸಾಲೂ ಇದೆ. ಅದನ್ನು ಓದುವಾಗ ಅವರ ಬಗ್ಗೆಯೂ ಕರುಳು ಚುರ್ ಎನ್ನುತ್ತದೆ. ಒಳ್ಳೆಯ ಗದ್ಯ ಹೀಗೆ ದುಷ್ಟರನ್ನು ಹುಡುಕಿಕೊಂಡು ಹೋಗುವುದಿಲ್ಲ.

ಕಥೆಯ ಗಂಟು ಇರುವುದು ಹೆರಿಗೆ ಕೋಣೆಯಲ್ಲಿ ಅಲ್ಲ, ಸಾಕ್ಷಿ ಕಟ್ಟೆಯಲ್ಲಿ. ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ವೈದ್ಯೆ ಪ್ರಾಮಾಣಿಕವಾಗಿಯೇ ಉತ್ತರಿಸಿದರು. ಭುಜ ಸಿಕ್ಕಿಕೊಳ್ಳುವ ಮಾತೆತ್ತಿದರೆ ಮಧುಮೇಹವಿರುವ ಹೆಂಗಸರೆಲ್ಲ ಸಿಸೇರಿಯನ್ನನ್ನೇ ಕೇಳುತ್ತಾರೆ, ಅದು ಅವರ ಹಿತಕ್ಕೆ ಒಳ್ಳೆಯದಲ್ಲ ಎಂಬುದು ಅವರ ಉತ್ತರದ ಸಾರ. ನೇಡಿನ್ ಸಿಸೇರಿಯನ್ ಬೇಕೆಂದು ಕೇಳಿದ್ದರೆ ಮಾಡುತ್ತಿದ್ದೆ, ಅಪಾಯ ಏನೆಂದು ನಿರ್ದಿಷ್ಟವಾಗಿ ಕೇಳಿದ್ದರೆ ಹೇಳುತ್ತಿದ್ದೆ ಎಂದೂ ಹೇಳಿದರು. ಕೆಳಗಿನ ಎರಡು ಕೋರ್ಟುಗಳು, 2010ರಲ್ಲಿ ಒಂದು, 2013ರಲ್ಲಿ ಇನ್ನೊಂದು, ಇದನ್ನು ಒಪ್ಪಿ ನೇಡಿನ್‌ರನ್ನು ಸೋಲಿಸಿದವು. ಆತಂಕ ಪಡುವುದು ಬೇರೆ, ಪ್ರಶ್ನೆ ಕೇಳುವುದು ಬೇರೆ ಎಂಬುದು ಅವುಗಳ ತರ್ಕ. ಅದರ ಜೊತೆಗೆ, ಹೇಳಿದ್ದರೂ ಆಕೆ ಸಿಸೇರಿಯನ್ ಆರಿಸಿಕೊಳ್ಳುತ್ತಿದ್ದರು ಎಂಬುದಕ್ಕೆ ಏನು ಖಾತ್ರಿ ಎಂದೂ ಕೇಳಿದವು.

ಇಲ್ಲಿರುವ ವ್ಯಂಗ್ಯವನ್ನು ಗ್ರೀಕ್ ನಾಟಕಕಾರರು ಕಂಡಿದ್ದರೆ ಬಿಡುತ್ತಿರಲಿಲ್ಲ. ಹೇಳಿದರೆ ಎಲ್ಲರೂ ಸಿಸೇರಿಯನ್ ಕೇಳುತ್ತಾರೆ ಎಂಬ ಭಯದಿಂದ ಹೇಳದೆ ಉಳಿದವರ ಆ ಮಾತೇ, ಹೇಳಿದ್ದರೆ ಈಕೆಯೂ ಕೇಳುತ್ತಿದ್ದರು ಎಂಬುದಕ್ಕೆ ಪುರಾವೆ. ಮೌನದ ಸಮರ್ಥನೆಗೆ ಆಡಿದ ಮಾತು ಮೌನದ ವಿರುದ್ಧ ಸಾಕ್ಷಿಯಾಗುತ್ತದೆ. ಏಳು ಮಂದಿ ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಇದನ್ನು ಹಿಡಿದುಕೊಂಡಿತು. ಪರಿಹಾರ 52.5 ಲಕ್ಷ ಪೌಂಡ್. ಲಾರ್ಡ್ ಕೆರ್ ಮತ್ತು ಲಾರ್ಡ್ ರೀಡ್ ಬರೆದ ಮುಖ್ಯ ಭಾಗದಲ್ಲಿ ನನಗೆ ಬಹಳ ಹಿಡಿಸಿದ್ದು ಪ್ರಶ್ನೆಯ ಬಗ್ಗೆ ಅವರು ಮಾಡಿರುವ ಪುಟ್ಟ ವಿಚಾರ: ಕೇಳಬೇಕಾದದ್ದು ಏನಾದರೂ ಇದೆ ಎಂಬುದೇ ಗೊತ್ತಿಲ್ಲದವರ ಮೇಲೆ ಕೇಳುವ ಹೊಣೆ ಹೊರಿಸುವುದು ವಾಸ್ತವಕ್ಕೆ ದೂರ. ಕಡಿಮೆ ತಿಳಿದವರೇ ಹೆಚ್ಚು ತಿಳಿಯಬೇಕಾದವರು. ಪ್ರಶ್ನೆ ಹುಟ್ಟದಿರುವುದೂ ಅವರಿಗೇ. ತರಗತಿಯಲ್ಲಿ "ಏನಾದರೂ ಡೌಟ್ ಇದೆಯಾ?" ಎಂದು ಕೇಳಿ, ಯಾರೂ ಬಾಯಿ ಬಿಡದಿದ್ದರೆ ಎಲ್ಲ ಅರ್ಥವಾಯಿತೆಂದು ಪುಸ್ತಕ ಮುಚ್ಚುವ ನನ್ನಂಥ ಮೇಷ್ಟರುಗಳಿಗೂ ಇದು ತಾಗುತ್ತದೆ.

ತೀರ್ಪಿನ ಕೊನೆಯಲ್ಲಿ ಲೇಡಿ ಹೇಲ್ ಬರೆದ ಕೆಲವು ಪ್ಯಾರಾಗಳಿವೆ. ಆಗ ಆ ಕೋರ್ಟಿನಲ್ಲಿದ್ದ ಏಕೈಕ ಮಹಿಳಾ ನ್ಯಾಯಮೂರ್ತಿ ಅವರು. ಸಹಮತವಿದೆ ಎಂದು ಒಂದು ಸಾಲು ಬರೆದು ಸುಮ್ಮನಿರಬಹುದಿತ್ತು. ಆದರೆ ಅವರು ಕಥೆಯ ನಾಯಕಿಯನ್ನೇ ಬದಲಿಸುತ್ತಾರೆ. ಅಲ್ಲಿಯವರೆಗೆ ಎಲ್ಲರ ಲೆಕ್ಕವೂ ಮಗುವಿನ ಸುತ್ತ. ಮಗುವಿಗಾದ ಹಾನಿ, ಅದರ ಸಂಭವ ಎಷ್ಟು, ಅದನ್ನು ಹೇಳಬೇಕಿತ್ತೇ ಎಂಬುದು. ಹೇಲ್ ಕೇಳುವುದು ತಾಯಿಗೇನಾಗುತ್ತದೆ ಎಂದು. ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಶೇ. 11ರಷ್ಟು ತಾಯಂದಿರಿಗೆ ಭಾರಿ ರಕ್ತಸ್ರಾವವಾಗುತ್ತದೆ, ಶೇ. 3.8ರಷ್ಟು ತಾಯಂದಿರಿಗೆ ಗುದದ್ವಾರದವರೆಗೆ ಹರಿಯುವ ಗಾಯವಾಗುತ್ತದೆ. ಮಗು ನಗುನಗುತ್ತಾ ಹೊರಬಂದರೂ ಆ ಗಾಯ ತಾಯಿಯ ಮೈಯಲ್ಲೇ ಉಳಿಯುತ್ತದೆ. "ತಾಯಿ ಮಗು ಕ್ಷೇಮ" ಎಂಬ ವಾಟ್ಸಾಪ್ ಸಂದೇಶದಲ್ಲಿ ಅದಕ್ಕೆ ಜಾಗವಿಲ್ಲ.

ಆಮೇಲೆ ಅವರು ವೈದ್ಯೆಯ ಆ ವಾಕ್ಯಕ್ಕೆ ಬರುತ್ತಾರೆ. ಸಾಹಿತ್ಯ ವಿಮರ್ಶಕರು ಮಾಡುವ ಕೆಲಸವನ್ನೇ ಅಲ್ಲಿ ಮಾಡುತ್ತಾರೆ. ಸಿಸೇರಿಯನ್ ಹೆಂಗಸರ ಹಿತಕ್ಕೆ ಒಳ್ಳೆಯದಲ್ಲ ಎಂಬುದು ಶುದ್ಧ ವೈದ್ಯಕೀಯ ಮಾತಿನಂತೆ ಕಾಣುವುದಿಲ್ಲ, ಯೋನಿಮಾರ್ಗದ ಹೆರಿಗೆಯೇ ನೈತಿಕವಾಗಿ ಮೇಲು ಎಂಬ ನಂಬಿಕೆ ಅದರಲ್ಲಿ ಅಡಗಿದೆ, ಆ ನಂಬಿಕೆ ಎಷ್ಟು ಗಟ್ಟಿಯೆಂದರೆ ಬಸುರಿಗೆ ತಿಳಿವಳಿಕೆಯನ್ನೇ ಕೊಡದಿರುವುದಕ್ಕೂ ಅದು ಸಮರ್ಥನೆಯಾಗಿಬಿಟ್ಟಿದೆ ಎನ್ನುತ್ತಾರೆ. ಒಂದು ವಾಕ್ಯದ ಮೇಲ್ಪದರವನ್ನು ಎತ್ತಿ ಕೆಳಗೇನಿದೆ ಎಂದು ತೋರಿಸುವ ಓದು ಇದು. ಹೇಲ್ ಇನ್ನೊಂದು ಬದಿಯನ್ನೂ ಬಿಡುವುದಿಲ್ಲ. ಸಹಜವಾಗಿ ಹೆರುವುದರಲ್ಲಿ ಬೆಲೆ ಕಾಣುವ, ಅದಕ್ಕಾಗಿ ನೋವು ಮತ್ತು ಅಪಾಯ ತೆಗೆದುಕೊಳ್ಳಲು ಸಿದ್ಧರಿರುವ ಹೆಂಗಸರಿದ್ದಾರೆ, ಹಾಗನ್ನಿಸದವರೂ ಇದ್ದಾರೆ. ಇಬ್ಬರ ತಕ್ಕಡಿಯೂ ಅವರವರದೇ. ಅಲ್ಲಿನ ಆರೋಗ್ಯ ಸಂಸ್ಥೆ ನೈಸ್ 2011ರಲ್ಲೇ, ಚರ್ಚೆ ಮತ್ತು ಆಪ್ತ ಬೆಂಬಲದ ನಂತರವೂ ಸಿಸೇರಿಯನ್ನೇ ಬೇಕು ಎನ್ನುವವರಿಗೆ ಅದನ್ನು ಒದಗಿಸಬೇಕೆಂದು ಹೇಳಿತ್ತು.

ಹೇಲ್ ಕಂಡ ಈ ನಂಬಿಕೆ ಸ್ಕಾಟ್ಲೆಂಡಿನ ಒಂದು ಆಸ್ಪತ್ರೆಯದಷ್ಟೇ ಅಲ್ಲ, ಅದು ಭಾಷೆಯಲ್ಲೇ ಇದೆ. ಮ್ಯಾಕ್‌ಬೆತ್ ನಾಟಕದ ಕೊನೆಯ ತಿರುವು ನಿಂತಿರುವುದು ಏನರ ಮೇಲೆ? ಹೆಣ್ಣು ಹೆತ್ತ ಯಾರಿಂದಲೂ ಅವನಿಗೆ ಸಾವಿಲ್ಲ ಎಂಬ ಭವಿಷ್ಯವಾಣಿ, ತಾಯಿಯ ಹೊಟ್ಟೆ ಸೀಳಿ ತೆಗೆದ ಮ್ಯಾಕ್‌ಡಫ್ ಎದುರು ನಿಂತಾಗ ಸುಳ್ಳಾಗುತ್ತದೆ. ಕೊಯ್ದು ತೆಗೆದರೆ ಅದು ಹೆತ್ತಂತಲ್ಲ ಎಂದು ಪ್ರೇಕ್ಷಕರು ತಕರಾರಿಲ್ಲದೆ ಒಪ್ಪಿದರೆ ಮಾತ್ರ ಈ ಒಗಟು ಬಿಡಿಸಿಕೊಳ್ಳುತ್ತದೆ. ನಾನೂರು ವರ್ಷಗಳಿಂದ ಒಪ್ಪುತ್ತಲೇ ಇದ್ದೇವೆ.

ಕನ್ನಡದಲ್ಲಿ ನೋಡಿ. "ಹೆರು" ಎಂಬ ಕ್ರಿಯಾಪದಕ್ಕೆ ಕರ್ತೃ ಹೆಣ್ಣು. ಅವಳು ಹೆತ್ತಳು. ಆಸ್ಪತ್ರೆಯಲ್ಲಿ "ಹೆರಿಗೆ ಮಾಡಿಸಿದರು" ಎಂದರೂ, ಮಾಡಿಸಿದವರು ಡಾಕ್ಟರು, ಮಾಡಿದವಳು ಅವಳೇ ಎಂಬುದು ವ್ಯಾಕರಣದೊಳಗೇ ಉಳಿದಿರುತ್ತದೆ. ಸಿಸೇರಿಯನ್ ಆದಾಗ ಮಾತ್ರ "ಆಪರೇಷನ್ ಮಾಡಿ ತೆಗೆದರು". ಅವಳು ವಾಕ್ಯದಿಂದಲೇ ಮಾಯ. ಒಂಬತ್ತು ತಿಂಗಳು ಹೊತ್ತವಳು ಕೊನೆಯ ಒಂದು ಗಂಟೆಯಲ್ಲಿ ಕರ್ತೃಪದ ಕಳೆದುಕೊಳ್ಳುತ್ತಾಳೆ. ನಾಮಕರಣಕ್ಕೆ ಬಂದವರು ಮಗುವಿನ ತೂಕ ಕೇಳಿದ ಮೇಲೆ ಕೇಳುವ ಎರಡನೇ ಪ್ರಶ್ನೆ "ನಾರ್ಮಲ್ಲಾ, ಸಿಸೇರಿಯನ್ನಾ?" ಉತ್ತರ ಎರಡನೆಯದಾದರೆ "ಅಯ್ಯೋ ಪಾಪ" ಎಂಬ ಉದ್ಗಾರ. ಇಲ್ಲವೇ, ಈಗಿನ ಹುಡುಗಿಯರಿಗೆ ಬೇನೆ ತಿನ್ನುವ ತಾಳ್ಮೆಯಿಲ್ಲ ಎಂಬ ಹಿರಿಯರ ಟೀಕೆ. ಒಂದನ್ನು ನಾರ್ಮಲ್ ಎಂದು ಕರೆದ ಕ್ಷಣವೇ ಇನ್ನೊಂದು ಏನೆಂದು ತೀರ್ಮಾನವಾಗಿರುತ್ತದೆ. ವಚನಗಳಿಂದ ಹಿಡಿದು ಹಂತಿ, ಬೀಸುಕಲ್ಲಿನ ಪದಗಳವರೆಗೆ ನಮ್ಮಲ್ಲಿ ಹೆರಿಗೆ ಬೇನೆಯೆಂಬುದು ನಿಜವಾದ ಅನುಭವದ ಅಳತೆಗೋಲು. ಆ ಅಳತೆಗೋಲನ್ನು ಕಾವ್ಯದಲ್ಲಿ ಒಪ್ಪುತ್ತೇನೆ. ಲೇಬರ್ ವಾರ್ಡಿಗೆ ಅದನ್ನು ಹೊತ್ತೊಯ್ಯುವುದು ಬೇರೆಯೇ ಮಾತು.

ನಮ್ಮ ಕಾದಂಬರಿಗಳಲ್ಲಿ ಹೆರಿಗೆ ಹೆಚ್ಚಾಗಿ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಹೊರಗೆ ಶತಪಥ ತುಳಿಯುವ ಗಂಡ, ಒಳಗಿನಿಂದ ಅಳು, ಅಲ್ಲಿಗೆ ಅಧ್ಯಾಯ ಮುಗಿಯಿತು. ತ್ರಿವೇಣಿ ಆ ಬಾಗಿಲಿನ ಆಚೆಗೆ ಹೋದವರಲ್ಲಿ ಒಬ್ಬರು. 'ಶರಪಂಜರ'ದಲ್ಲಿ ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿಯನ್ನೂ, ಅವಳು ಗುಣವಾದ ಮೇಲೂ ಅವಳನ್ನು ಗುಣವಾದವಳೆಂದು ನೋಡಲು ಒಪ್ಪದ ಮನೆಯನ್ನೂ ಅವರು ಬರೆದರು. ಹೆತ್ತ ಮೇಲೆ ಹೆತ್ತವಳಿಗೇನಾಯಿತು ಎಂಬ ಹೇಲ್ ಅವರ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಆ ಪ್ರಶ್ನೆ ಕೇಳಿದ ತ್ರಿವೇಣಿಯವರೇ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಇಷ್ಟೆಲ್ಲ ಮೆಚ್ಚಿದ ಮೇಲೂ ಈ ತೀರ್ಪಿನ ಜೊತೆ ನನಗೊಂದು ಜಗಳವಿದೆ. ರೋಗಿಗಳನ್ನು ಇಂದು ಆಯ್ಕೆ ಮಾಡುವ ಗ್ರಾಹಕರಂತೆಯೂ ಕಾಣಲಾಗುತ್ತದೆ ಎಂಬ ಮಾತು ಅದರಲ್ಲಿ ಬರುತ್ತದೆ. ಅಲ್ಲಿ ನನಗೆ ಮುಗ್ಗರಿಸಿದಂತಾಯಿತು. ಚೊಚ್ಚಲ ಬಸುರಿಯ ಮುಂದೆ ಎರಡು ಸೀರೆ ಹರಡಿಟ್ಟ ಹಾಗೆ ಎರಡು ಹೆರಿಗೆಗಳು ಇರುವುದಿಲ್ಲ. ಅವಳು ಆರಿಸಿಕೊಳ್ಳಬಹುದಾದದ್ದು ಯೋಜಿಸಿದ ಸಿಸೇರಿಯನ್ ಅನ್ನು, ಅಥವಾ ಯೋನಿಮಾರ್ಗದ ಹೆರಿಗೆಯ ಪ್ರಯತ್ನವನ್ನು. ಆ ಪ್ರಯತ್ನ ಸಲೀಸಾಗಿ ಮುಗಿಯಬಹುದು, ಫೋರ್ಸೆಪ್ಸಿನಲ್ಲಿ ಮುಗಿಯಬಹುದು, ಹದಿನಾರು ಗಂಟೆ ಬೇನೆ ತಿಂದ ಮೇಲೆ ರಾತ್ರೋರಾತ್ರಿ ತುರ್ತು ಸಿಸೇರಿಯನ್ನಿನಲ್ಲೂ ಮುಗಿಯಬಹುದು. ತುರ್ತಾಗಿ ಮಾಡುವುದಕ್ಕಿಂತ ಮೊದಲೇ ಗೊತ್ತುಮಾಡಿದ ಸಿಸೇರಿಯನ್ನಿನಲ್ಲಿ ಅಪಾಯ ಕಡಿಮೆ. ಆದರೆ ಅದೂ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯೇ. ಚೇತರಿಕೆ ನಿಧಾನ, ರಕ್ತ ಹೆಪ್ಪುಗಟ್ಟುವ ಭಯ. 39 ವಾರ ತುಂಬುವ ಮೊದಲೇ ಮಾಡಿದರೆ ಮಗುವಿಗೆ ಉಸಿರಾಟದ ತೊಂದರೆಯಾಗುವ ಸಂಭವ ಹೆಚ್ಚು. ಮುಖ್ಯವಾಗಿ, ಅದರ ಬೆಲೆಯ ಒಂದು ಭಾಗವನ್ನು ಮುಂದಿನ ಬಸುರಿನಲ್ಲಿ ತೆರಬೇಕಾಗಬಹುದು. ಹಳೆಯ ಗಾಯದ ಜಾಗದಲ್ಲಿ ಮಾಸು ಅಂಟಿಕೊಳ್ಳುವುದು, ಗರ್ಭಕೋಶ ಬಿರಿಯುವುದು ಅಪರೂಪವಾದರೂ ಪ್ರಾಣಕ್ಕೆ ಕುತ್ತು. ಒಂದೇ ಮಗು ಸಾಕು ಎಂದಿರುವವಳಿಗೂ ಮೂರು ಬೇಕು ಎನ್ನುವವಳಿಗೂ ಈ ಲೆಕ್ಕ ಬೇರೆ ಬೇರೆ. ಇನ್ನೊಂದು ಕಡೆ ಹರಿಯುವ ಗಾಯ, ಮೂತ್ರ ತಡೆಯಲಾಗದಿರುವುದು, ವರ್ಷಗಳ ಮೇಲೆ ಗರ್ಭಕೋಶ ಜಾರುವುದು. ಇದನ್ನು ನಮ್ಮ ಅಜ್ಜಿಯರು "ಮೈ ಜಾರಿದೆ" ಎಂದು ಪಿಸುಗುಟ್ಟಿ ಸೀರೆಯ ನೆರಿಗೆಯಲ್ಲಿ ಮುಚ್ಚಿಟ್ಟುಕೊಂಡೇ ಸತ್ತರು. ಗ್ರಾಹಕ ಎಂಬ ಪದಕ್ಕೆ ಇದನ್ನೆಲ್ಲ ಹೊರುವ ಶಕ್ತಿಯಿಲ್ಲ.

ಆಯ್ಕೆ ಮಾಡುವ ಈ ಒಂಟಿ ಹೆಣ್ಣು ನಮ್ಮಲ್ಲಿ ಎಲ್ಲಿದ್ದಾಳೆ ಎಂಬುದು ನನ್ನ ಜಗಳದ ಇನ್ನೊಂದು ತುದಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ ಶೇ. 21.5 ಸಿಸೇರಿಯನ್, ಕರ್ನಾಟಕದಲ್ಲಿ ಶೇ. 31.5. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಶೇ. 14.3, ಖಾಸಗಿಯಲ್ಲಿ ಶೇ. 47.4. ಬಾಗಿಲು ಬದಲಾದರೆ ಹೆರಿಗೆಯ ದಾರಿಯೂ ಬದಲಾಗುತ್ತದೆ ಎಂದರೆ, ಆ ವ್ಯತ್ಯಾಸವೆಲ್ಲ ಬಸುರಿಯರ ಇಷ್ಟದಿಂದಲೇ ಹುಟ್ಟಿದ್ದೆಂದು ನಂಬುವುದು ಕಷ್ಟ. ಸ್ಕಾಟ್ಲೆಂಡಿನ ವೈದ್ಯೆ ಸಿಸೇರಿಯನ್ ತಪ್ಪಿಸಲು ಸುಮ್ಮನಿದ್ದರು. ನಮ್ಮಲ್ಲಿ "ನೀರು ಕಮ್ಮಿಯಿದೆ, ಕೊರಳಿಗೆ ಬಳ್ಳಿ ಸುತ್ತಿದೆ, ಈಗಲೇ ತೆಗೀಬೇಕು" ಎಂಬ ಮೂರು ತುಂಡು ಮಾತು ಹೇಳಿ ಸಹಿಗೆ ಕಾಗದ ಮುಂದೊಡ್ಡುವುದೂ ಉಂಟು. ಎರಡೂ ಕಡೆ ಬಸುರಿಗೆ ಸಿಗುವುದು ಅರ್ಧ ಕಥೆ. ಆ ಕಾಗದಕ್ಕೆ ಸಹಿ ಹಾಕುವವನು ಎಷ್ಟೋ ಸಲ ಗಂಡ. ದಿನ, ಗಳಿಗೆ ನೋಡುವವರು ಜೋಯಿಸರು. ಹುಟ್ಟುವ ಮಗುವಿನ ಜಾತಕ ಚೆನ್ನಾಗಿರಲೆಂದು ಮುಹೂರ್ತ ಇಡಿಸಿ ಸಿಸೇರಿಯನ್ ಮಾಡಿಸುವವರನ್ನು ನಾವೆಲ್ಲ ಕಂಡಿದ್ದೇವೆ. ಅದೂ ಯೋಜಿತ ಸಿಸೇರಿಯನ್ನೇ. ಯೋಜನೆ ಮಾತ್ರ ಅವಳದಲ್ಲ.

ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಈ ಸಹಿಯ ಪ್ರಶ್ನೆಯನ್ನು ಎದುರಿಸಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪು ಅದು. ಅದು ಹೆರಿಗೆಯ ಪ್ರಕರಣವಲ್ಲ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ 44 ವರ್ಷದ ಅವಿವಾಹಿತ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ್ದರು. ಪ್ರಜ್ಞೆ ಬಂದ ಮೇಲೆ ಅವಳನ್ನೇ ಕೇಳಬಹುದಿತ್ತು, ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು ಎಂದು ಕೋರ್ಟ್ ಖಚಿತವಾಗಿ ಹೇಳಿತು. ಆದರೆ ರೋಗಿಗೆ ಎಷ್ಟು ತಿಳಿಸಬೇಕು ಎಂಬಲ್ಲಿ ಹಿಂಜರಿಯಿತು. ನಮ್ಮ ರೋಗಿಗಳಲ್ಲಿ ಬಹುಪಾಲು ಬಡವರು, ಓದುಬರಹ ಕಡಿಮೆ, ವೈದ್ಯಕೀಯ ಪದಗಳು ಅವರಿಗೆ ಅರ್ಥವಾಗವು ಎಂದು ಕಾರಣ ಕೊಟ್ಟು, ಬ್ರಿಟನ್ನಿನ ಹಳೆಯ ಅಳತೆಗೆ ಹತ್ತಿರವಾದದ್ದನ್ನೇ ಉಳಿಸಿಕೊಂಡಿತು: ಆ ವೃತ್ತಿಯವರು ಸಾಮಾನ್ಯವಾಗಿ ಎಷ್ಟನ್ನು ಸಾಕು ಎನ್ನುತ್ತಾರೋ ಅಷ್ಟು. ಏಳು ವರ್ಷದ ಮೇಲೆ ಬ್ರಿಟನ್ನೇ ಆ ಅಳತೆಯನ್ನು ಕೈಬಿಟ್ಟಿತು.

ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ರವೀಂದ್ರನ್ ಅವರ ಗದ್ಯದಲ್ಲಿ ನಮ್ಮ ಜನರ ಬಗ್ಗೆ ಕನಿಕರವಿದೆ ಎನ್ನಿಸುತ್ತದೆ. ಹೇಲ್ ಅವರ ಗದ್ಯದಲ್ಲಿ ಕನಿಕರವಿಲ್ಲ, ಗೌರವವಿದೆ. ನನ್ನ ತಂಗಿಯ ಪರವಾಗಿ ನಾನು ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ. ಓದುಬರಹವಿಲ್ಲದ ನಮ್ಮಜ್ಜಿ ಎಮ್ಮೆ ಕರು ಹಾಕುವಾಗ ಕಾಲು ಮೊದಲು ಬಂದರೆ ಏನಾಗುತ್ತದೆ, ತಲೆ ಮೊದಲು ಬಂದರೆ ಏನಾಗುತ್ತದೆ ಎಂದು ಕೊಟ್ಟಿಗೆಯಲ್ಲಿ ನಿಂತು ವಿವರಿಸುತ್ತಿದ್ದಳು. ಭುಜ ಸಿಕ್ಕಿಕೊಳ್ಳುತ್ತದೆ ಎಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲವೇ? ಅರ್ಥವಾಗುವ ಮಾತಿನಲ್ಲಿ ಹೇಳುವವರು ಬೇಕಿತ್ತು, ಅಷ್ಟೇ. ಬಿಡುವಿಲ್ಲದ ಓಪಿಡಿಯಲ್ಲಿ ನೂರು ಜನ ಕಾಯುತ್ತಿರುವಾಗ ಯಾವ ವೈದ್ಯರಿಗೆ ಅಷ್ಟು ಪುರುಸೊತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾಂಟ್ಗೋಮರಿ ತೀರ್ಪಿನಲ್ಲಿ ಅದಕ್ಕೆ ಸರಿಯಾದ ಉತ್ತರವಿಲ್ಲ. ನನ್ನಲ್ಲೂ ಇಲ್ಲ.

ಕಳೆದ ಭಾನುವಾರ ತಂಗಿ ಬಂದಿದ್ದಳು. ಮೂವತ್ತಾರು ವಾರ ತುಂಬಿದೆ, ಕಾಲು ಊದಿದೆ. ತೀರ್ಪಿನ ಕಥೆಯನ್ನು ನಾನು ಅವಳಿಗೆ ಪೂರ್ತಿ ಹೇಳಿದೆ, ಆ 12 ನಿಮಿಷಗಳನ್ನೂ ಸೇರಿಸಿ. ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದ್ದೆ. ಹೆದರಿಕೊಳ್ಳುತ್ತಾಳೆ, ಹೇಳದಿರುವುದೇ ಒಳ್ಳೆಯದೇನೋ ಅಂತ. ಆಮೇಲೆ ಹೊಳೆಯಿತು, ಆ ವೈದ್ಯೆ ಅಂದುಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ. ತಂಗಿ ಹೆದರಿದಂತೆ ಕಾಣಲಿಲ್ಲ. ಸುಮ್ಮನೆ ಕೇಳಿ, "ಅವರದು ಹಳೇ ಶುಗರ್, ನನ್ನದು ಬಸುರಿನ ಶುಗರ್ರು. ನನಗೂ ಹತ್ತಕ್ಕೆ ಒಂದೇನಾ?" ಎಂದಳು. ಗೊತ್ತಿಲ್ಲ ಎಂದೆ. ಸ್ಕ್ಯಾನ್ ರಿಪೋರ್ಟಿನ ಹಿಂಬದಿಯಲ್ಲಿ ಅದನ್ನು ಬರೆದುಕೊಂಡಳು. ಅದರ ಕೆಳಗೆ ಮಗುವಿನ ತೂಕ ಈಗೆಷ್ಟು, ಆ ಅಂದಾಜು ಎಷ್ಟು ನಂಬಬಹುದು, ಎರಡನೇ ಮಗು ಬೇಕು ಅಂದರೆ ಲೆಕ್ಕ ಹೇಗೆ, ರಾತ್ರಿ ಹೊತ್ತು ಅರಿವಳಿಕೆ ಕೊಡುವ ಡಾಕ್ಟರು ಇರುತ್ತಾರಾ ಎಂದು ಬರೆದಳು. ಗುರುವಾರ ಗಂಡನ ಜೊತೆ ಹೋಗಿ ಚೀಟಿ ಮುಂದಿಟ್ಟಳಂತೆ. ಡಾಕ್ಟರು ಮೊದಲು ನಕ್ಕರಂತೆ, ಆಮೇಲೆ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರಂತೆ. ನಾಲ್ಕಕ್ಕೆ ಉತ್ತರ ಸಿಕ್ಕಿದೆ. ರಾತ್ರಿಯ ಅರಿವಳಿಕೆ ಡಾಕ್ಟರ ವಿಚಾರ ಮಾತ್ರ ಆಫೀಸಿನಲ್ಲಿ ಕೇಳಿ ಮುಂದಿನ ವಾರ ಹೇಳುತ್ತೇನೆ ಎಂದಿದ್ದಾರಂತೆ.